ಚಪ್ಪಾಳೆಗೆ ಬಿಟ್ಟ ಜಾಗ

ಮೈಸೂರಿನಲ್ಲಿ ಒಂದು ಆರತಕ್ಷತೆ. ಆರ್ಕೆಸ್ಟ್ರಾದ ಹುಡುಗರು ರಾಜ್‌ಕುಮಾರ್ ಹಾಡುಗಳನ್ನು ಮುಗಿಸಿ, ಇದ್ದಕ್ಕಿದ್ದಂತೆ ಗಿಟಾರಿನಲ್ಲಿ ಒಂದು ಇಂಗ್ಲಿಷ್ ಹಾಡು ಎತ್ತಿಕೊಂಡರು. ಮೊದಲ ಸಾಲು ಮುಗಿದದ್ದೇ ದನಿ ನಿಂತಿತು. ಆ ಸಣ್ಣ ಸಂದಿಯಲ್ಲಿ ಮದುಮಗಳ ಗೆಳತಿಯರು, ಊಟದ ಬಾಗಿಲಲ್ಲಿ ಕಾಯುತ್ತಿದ್ದ ಹುಡುಗರು, ಎಲ್ಲರೂ ಒಟ್ಟಿಗೆ ನಾಲ್ಕು ಚಪ್ಪಾಳೆ ತಟ್ಟಿದರು. ನಮ್ಮ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬಳು ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಳು. ಅವಳಿಗೆ ಕೈ ಬಿಡುವಿರಲಿಲ್ಲ. ಮಗುವಿನ ಬೆನ್ನ ಮೇಲೆಯೇ ಬೆರಳ ತುದಿಯಿಂದ ನಾಲ್ಕು ಸಲ ಮೆಲ್ಲಗೆ ತಟ್ಟಿದಳು.

ನನ್ನ ಪಕ್ಕದಲ್ಲಿದ್ದ ಹಿರಿಯರು ಅದನ್ನು ನೋಡಿದರು. ನಲವತ್ತು ವರ್ಷ ಸುಗಮ ಸಂಗೀತ ಕಲಿಸಿದವರು ಅವರು. ಅವರ ತಮ್ಮನ ಮಗಳು ಬೆಂಗಳೂರಿನಲ್ಲಿ ವೆಬ್ ಸರಣಿಗಳಿಗೆ ಸಂಗೀತ, ಶಬ್ದ ಕೂಡಿಸುವ ಕೆಲಸ ಮಾಡುತ್ತಾಳೆ. ಮಾರನೆಯ ಬೆಳಿಗ್ಗೆ ಕಾಫಿಯ ಹೊತ್ತಿಗೆ ಹಿಡಿದ ಮಾತು ತಿಂಡಿ ಆರಿದರೂ ಬಿಡಲಿಲ್ಲ. ನಡುವೆ ಕೂತು ಕೇಳಿದವನು ನಾನು. ನೆನಪಿದ್ದಷ್ಟನ್ನು ಬರೆದಿದ್ದೇನೆ.

ದೊಡ್ಡಪ್ಪ: ಅಲ್ಲ ಕಣಮ್ಮ, ನಿನ್ನೆ ಆ ಚಪ್ಪಾಳೆ ನಿಮಗೆಲ್ಲ ಯಾರು ಹೇಳಿಕೊಟ್ಟಿದ್ದು? ಇಪ್ಪತ್ತು ಮಕ್ಕಳನ್ನ ಒಂದೇ ತಾಳಕ್ಕೆ ಕೂರಿಸೋಕೆ ನನಗೆ ಎರಡು ತಿಂಗಳು ಬೇಕು. ನಿನ್ನೆ ಅಷ್ಟೂ ಜನ ಒಂದು ಏಟೂ ತಪ್ಪಲಿಲ್ಲ.

ಹುಡುಗಿ: ಯಾರೂ ಹೇಳಿಕೊಡಲಿಲ್ಲ ದೊಡ್ಡಪ್ಪ. ಅದು ‘ಫ್ರೆಂಡ್ಸ್’ ಧಾರಾವಾಹಿಯ ಟೈಟಲ್ ಸಾಂಗು. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 1994ರ ಸೆಪ್ಟೆಂಬರಲ್ಲಿ ಶುರುವಾಗಿ 2004ರ ಮೇ ತನಕ ಬಂತು. ನಾವು ಹಾಸ್ಟೆಲಲ್ಲಿ ಒಂದು ಲ್ಯಾಪ್‌ಟಾಪ್ ಮುಂದೆ ಎಂಟು ಜನ ಕೂತು ನೋಡ್ತಿದ್ವಿ. ಒಬ್ಬೊಬ್ಬರೂ ಚಪ್ಪಾಳೆ ತಟ್ಟಿದ ಮೇಲೇ ಕಥೆ ಶುರು.

ದೊಡ್ಡಪ್ಪ: ಒಟ್ಟು ಎಷ್ಟು ಕಂತು?

ಹುಡುಗಿ: 236.

ದೊಡ್ಡಪ್ಪ: ಹಾಡು ಎಷ್ಟು ಹೊತ್ತು?

ಹುಡುಗಿ: ಟಿವಿಯಲ್ಲಿ ಬರೋದು ಹೆಚ್ಚು ಕಮ್ಮಿ ಮುಕ್ಕಾಲು ನಿಮಿಷ.

ದೊಡ್ಡಪ್ಪ: ಅಂದರೆ ಎಲ್ಲ ಸೇರಿಸಿದರೆ ಹತ್ತಿರ ಹತ್ತಿರ ಮೂರು ಗಂಟೆ. ಒಂದೇ ಮಟ್ಟನ್ನ ಮೂರು ಗಂಟೆ ಕಿವಿಗೆ ಹುಯ್ದರೆ ಕೈ ತಾನಾಗೇ ತಟ್ಟುತ್ತೆ. ಅದನ್ನ ಮೆಚ್ಚಿಗೆ ಅಂತ ಹೇಗೆ ಕರೆಯೋದು? ಅದು ರೂಢಿ.

ಹುಡುಗಿ: ಈ ಮನೇಲಿ ನಾನು ಹುಟ್ಟಿದಾಗಿನಿಂದ ಬೆಳಿಗ್ಗೆ ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಸುಪ್ರಭಾತ ಕೇಳಿಸ್ತಿದೆ. ಆ ರೆಕಾರ್ಡ್ ಬಂದಿದ್ದು 1963ರಲ್ಲಿ. ನೀವು ಎಷ್ಟು ಸಾವಿರ ಸಲ ಕೇಳಿರಬಹುದು? ಅದೂ ಬರೀ ರೂಢಿನಾ?

(ಇಲ್ಲಿ ಅವರು ಲೋಟ ಕೆಳಗಿಟ್ಟರು. ಪ್ರಶ್ನೆ ನಾಟಿತ್ತು.)

ದೊಡ್ಡಪ್ಪ: ರೂಢಿನೇ. ಆದರೆ ಆ ರೂಢಿಯನ್ನ ನಾನೇ ಕೈಯಾರೆ ಹಚ್ಚಿಕೊಂಡಿದ್ದು. ನಿಮ್ಮ ಹಾಡು ಹಾಗಲ್ಲ. ಕಥೆ ಬೇಕಿದ್ದರೆ ಮೊದಲು ಇದನ್ನ ಕೇಳು ಅಂತ ಬಾಗಿಲಲ್ಲಿ ಕಟ್ಟಿರೋದು. ಬಾಗಿಲಿಗೆ ತೋರಣ ಚೆಂದ, ಇಲ್ಲ ಅನ್ನಲ್ಲ. ಆದರೆ ತೋರಣಾನ ಬಿಚ್ಚಿಕೊಂಡು ಹೋಗಿ ದೇವರ ಹಾರ ಅಂತ ಹಾಕಿದರೆ? ಅರ್ಧ ಮೊಳ ಇದ್ದಿದ್ದನ್ನ ಮೂರು ಮೊಳಕ್ಕೆ ಎಳೆದರೆ? ನಿನ್ನೆ ಆ ಹುಡುಗರು ಹಾಡಿದ್ದು ಮುಕ್ಕಾಲು ನಿಮಿಷ ಅಲ್ಲವಲ್ಲ.

ಹುಡುಗಿ: ಮೂರು ನಿಮಿಷದ್ದು. ಅದು ಹೇಗೆ ಆಯ್ತು ಅಂತ ಹೇಳ್ತೀನಿ, ಕೇಳಿ. ಆ ಹಾಡನ್ನ ಹಾಡಿದ್ದು ರೆಂಬ್ರಾಂಟ್ಸ್ ಅನ್ನೋ ತಂಡ. ಡ್ಯಾನಿ ವೈಲ್ಡ್, ಫಿಲ್ ಸೋಲೆಮ್ ಅಂತ ಇಬ್ಬರೇ. ಅವರು ರೆಕಾರ್ಡ್ ಮಾಡಿದ್ದು ಟಿವಿಗೆ ಎಷ್ಟು ಬೇಕೋ ಅಷ್ಟು. ಅದಕ್ಕಿಂತ ಉದ್ದದ ಹಾಡು ಇರಲೇ ಇಲ್ಲ. ನ್ಯಾಶ್‌ವಿಲ್ ಊರಿನ ಒಂದು ರೇಡಿಯೊದವರು ಆ ತುಂಡನ್ನೇ ಒಂದರ ಹಿಂದೆ ಒಂದು ಅಂಟಿಸಿ ಪೂರಾ ಹಾಡಿನಷ್ಟು ಉದ್ದ ಮಾಡಿ ಹಾಕಿಬಿಟ್ಟರು. ಜನ ಫೋನ್ ಮಾಡಿ ಮಾಡಿ ಕೇಳಿದರು. ಆಮೇಲೇ ಕಂಪನಿಯವರು ಇವರಿಬ್ಬರನ್ನ ಮತ್ತೆ ಸ್ಟುಡಿಯೊಗೆ ಕಳಿಸಿದ್ದು. ಎರಡನೇ ಚರಣ ಬರೆದದ್ದು ಆಗ. ಎಳೆದಿದ್ದು ಯಾರು ಹೇಳಿ? ಕೇಳುವವರು.

ದೊಡ್ಡಪ್ಪ: ಒನ್ಸ್ ಮೋರ್!

ಹುಡುಗಿ: ಏನು?

ದೊಡ್ಡಪ್ಪ: ನಮ್ಮ ಕಂಪನಿ ನಾಟಕದ ಒನ್ಸ್ ಮೋರ್ ಕಣೇ ಅದು. ನಮ್ಮ ತಂದೆ ಹೇಳ್ತಿದ್ದರು. ರಾಜ ಸತ್ತು ಬಿದ್ದಿರ್ತಾನೆ, ಸಾಯೋ ಮುಂಚೆ ಹಾಡಿದ ಹಾಡಿಗೆ ಜನ ಒನ್ಸ್ ಮೋರ್ ಅಂತ ಕೂಗ್ತಾರೆ. ಎದ್ದು ಕೂತು ಹಾಡಿ ಮತ್ತೆ ಸಾಯಬೇಕು. ಆ ಹಾಡುಗಳು ಗ್ರಾಮೊಫೋನ್ ಪ್ಲೇಟಿಗೆ ಬಂದವು. ನಾಟಕ ನೋಡದೇ ಇದ್ದವರ ಮನೇಲೂ ರಂಗಗೀತೆ ಕೇಳಿಸ್ತಿತ್ತು. ಈಗ ಆ ಕಂಪನಿಗಳಿಲ್ಲ, ಪರದೆಗಳಿಲ್ಲ. ಹಾಡು ಉಳಕೊಂಡಿದೆ. ನಾನೇ ಮಕ್ಕಳಿಗೆ ಕಲಿಸಿದೀನಿ.

ಹುಡುಗಿ: ಮತ್ತೆ? ತೋರಣ ಹಾರ ಆಗಿಲ್ಲವಾ ಅಲ್ಲಿ?

ದೊಡ್ಡಪ್ಪ: ತಡಿ, ತಡಿ. ರಂಗಗೀತೆ ಹಾಡ್ತಿದ್ದವನು ಕಥೆಯ ಒಳಗಿದ್ದವನು. ಅವನ ಸಂಕಟಕ್ಕೆ ಅವನು ಹಾಡ್ತಿದ್ದ. ಟೈಟಲ್ ಸಾಂಗ್ ಹಾಡೋರು ಕಥೆಗೆ ಹೊರಗಿನವರು. ಅದಿರಲಿ, ನಿಮ್ಮ ಹಾಡನ್ನ ಬರೆದವರು ಯಾರು?

ಹುಡುಗಿ: ರಾಗ ಮೈಕೆಲ್ ಸ್ಕ್ಲಾಫ್ ಅವರದು. ಪದ ಮುಖ್ಯವಾಗಿ ಆಲೀ ವಿಲ್ಲಿಸ್ ಅವರದು. ‘ಅರ್ತ್, ವಿಂಡ್ ಆ್ಯಂಡ್ ಫೈರ್’ ತಂಡದ ‘ಸೆಪ್ಟೆಂಬರ್’ ಹಾಡಿಗೂ ಕೈ ಹಾಕಿದ್ದವರು ಅವರು. ಧಾರಾವಾಹಿ ಹುಟ್ಟುಹಾಕಿದ ಡೇವಿಡ್ ಕ್ರೇನ್, ಮಾರ್ಟಾ ಕಾಫ್‌ಮನ್ ಹೆಸರೂ ಇದೆ. ಉದ್ದ ಮಾಡಿದಾಗ ಹಾಡುಗಾರರಿಬ್ಬರೂ ಸೇರಿಕೊಂಡರು. ಒಟ್ಟು ಆರು ಜನ.

ದೊಡ್ಡಪ್ಪ: ಒಂದು ಹಾಡಿಗೆ ಆರು ಜನ! ನಮ್ಮಲ್ಲಿ ‘ಮಾಯಾಮೃಗ’ ಬಂತಲ್ಲ, ಟಿ.ಎನ್. ಸೀತಾರಾಂ ಅವರದು, 1998ರಲ್ಲಿ. ಎಚ್.ಎಸ್. ವೆಂಕಟೇಶಮೂರ್ತಿ ಬರೆದರು, ಸಿ. ಅಶ್ವತ್ಥ್ ರಾಗ ಹಾಕಿದರು. ಒಬ್ಬ ಕವಿ, ಒಬ್ಬ ಸಂಗೀತಗಾರ. ‘ಮುಕ್ತ’ಕ್ಕೂ ಅದೇ ಜೋಡಿ. ಧಾರಾವಾಹಿ ನೋಡದವರೂ ಆ ಹಾಡು ಹಾಡ್ತಾರೆ. ಯಾಕೆ? ಅದು ಮೊದಲು ಕವಿತೆ. ಯಾವ ಪಾತ್ರದ ಹೆಸರೂ ಅದರಲ್ಲಿಲ್ಲ, ಯಾವ ಮನೆಯ ಜಗಳವೂ ಇಲ್ಲ. ಮನುಷ್ಯ ಯಾವುದರ ಹಿಂದೆ ಓಡ್ತಾನೆ ಅನ್ನೋ ಮಾತಿದೆ. ಹಾಗಾಗಿ ಮನೆ ಬಿಟ್ಟು ಹೊರಗೆ ಬಂದರೂ ಅದಕ್ಕೆ ಕಾಲಿದೆ.

ಹುಡುಗಿ: ಅದು ಬರೆಸಿಕೊಂಡ ಹಾಡು ಅಲ್ಲವಾ ದೊಡ್ಡಪ್ಪ? ಧಾರಾವಾಹಿಗೆ ಬೇಕು ಅಂದಿದ್ದಕ್ಕೆ ಬರೆದಿದ್ದು.

ದೊಡ್ಡಪ್ಪ: ಬರೆಸಿಕೊಂಡದ್ದೇ. ಬರೆಸಿದರೂ ಕವಿ ತನ್ನದನ್ನೇ ಬರೆದ.

ಹುಡುಗಿ: ಈಗ ನೀವು ಹೇಳಿದ ಅಳತೆಕೋಲನ್ನೇ ಹಿಡೀತೀನಿ. ‘ಫ್ರೆಂಡ್ಸ್’ ಹಾಡಲ್ಲೂ ಒಂದು ಪಾತ್ರದ ಹೆಸರಿಲ್ಲ. ನ್ಯೂಯಾರ್ಕ್ ಅನ್ನೋ ಊರಿನ ಹೆಸರೂ ಇಲ್ಲ. ಕೆಲಸ ನೆಟ್ಟಗಿಲ್ಲ, ಕೈಯಲ್ಲಿ ಕಾಸಿಲ್ಲ, ಪ್ರೀತಿ ಮುಂದಕ್ಕೆ ಹೋಗ್ತಿಲ್ಲ, ಹೀಗೆಲ್ಲ ಆಗುತ್ತೆ ಅಂತ ಯಾರೂ ಮೊದಲೇ ಹೇಳಿರಲಿಲ್ಲ, ಆದರೂ ನಾನಿದ್ದೀನಿ, ಅಷ್ಟೇ ಅದರ ತಾತ್ಪರ್ಯ. ಬೆಂಗಳೂರಿಗೆ ಬಂದ ಮೊದಲ ವರ್ಷ ಪಿಜಿಯಲ್ಲಿ ಮೂರು ಜನ ಒಂದು ರೂಮಲ್ಲಿದ್ವಿ. ತಿಂಗಳ ಕೊನೇ ವಾರ ಒಂದು ಪ್ಲೇಟ್ ಚಿತ್ರಾನ್ನ ತಂದು ಮೂರು ಪಾಲು ಮಾಡ್ತಿದ್ವಿ. ಆ ಹಾಡು ಬಂದಾಗ ನಮಗೆ ಅದು ಅಮೆರಿಕದ್ದು ಅಂತ ಅನ್ನಿಸ್ತಿರಲಿಲ್ಲ.

(ದೊಡ್ಡಪ್ಪನಿಗೆ ಈ ಚಿತ್ರಾನ್ನದ ವಿಷಯ ಗೊತ್ತಿರಲಿಲ್ಲ. “ಫೋನ್ ಮಾಡಬಾರದಿತ್ತಾ” ಅಂದರು. ಅವಳು “ಬಿಡಿ” ಅಂದಳು. ಮಾತು ಸ್ವಲ್ಪ ಹೊತ್ತು ಬೇರೆ ಕಡೆ ಹೋಗಿ ತಿರುಗಿ ಬಂತು.)

ದೊಡ್ಡಪ್ಪ: ಸರಿ, ಹೆಸರಿಲ್ಲ ಅಂತ ಒಪ್ಪಿದೆ. ಆದರೆ ಹೊರಗೆ ನಡೆಯೋದಕ್ಕೆ ಪದ ಬೇಕೇಬೇಕು ಅಂತ ನಾನು ಹೇಳಿದ್ದು ತಪ್ಪೇನೋ. ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಮಾಡಿದ್ದು ನೆನೆಸಿಕೋ. ಪದ ಎಲ್ಲಿದೆ? ಬರೀ ತಾನನ. ಶಂಕರ್ ನಾಗ್ ಆಗುಂಬೆಯಲ್ಲಿ ಮಾಡಿದ ಧಾರಾವಾಹಿ, ಆರ್.ಕೆ. ಲಕ್ಷ್ಮಣ್ ಗೀಚಿದ ಚಿತ್ರಗಳು ಒಂದೊಂದೇ ಬರ್ತವೆ, ಆ ತಾನನ ಕೇಳುತ್ತೆ. ಇವತ್ತು ಯಾರಾದರೂ ಅದನ್ನ ಗುನುಗಿದರೆ ನನಗೆ ಒದ್ದೆ ಹೆಂಚಿನ ವಾಸನೆ ಬರುತ್ತೆ.

ಹುಡುಗಿ: ಅಮೆರಿಕದಲ್ಲೂ ಹಾಗೆ ಆಗಿದೆ. ‘ಮಯಾಮಿ ವೈಸ್’ ಅಂತ ಪೊಲೀಸ್ ಧಾರಾವಾಹಿಗೆ ಯಾನ್ ಹ್ಯಾಮರ್ ಮಾಡಿದ ಸಂಗೀತದಲ್ಲಿ ಒಂದು ಪದವೂ ಇಲ್ಲ. 1985ರ ನವೆಂಬರಲ್ಲಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯ್ತು. ಅದಕ್ಕಿಂತ ಮುಂಚೆ 1976ರಲ್ಲಿ ‘ಎಸ್.ಡಬ್ಲ್ಯು.ಎ.ಟಿ.’ ಧಾರಾವಾಹಿಯದ್ದೂ ಹೋಗಿತ್ತು. ‘ಮ್ಯಾಶ್’ದು ಇನ್ನೂ ವಿಚಿತ್ರ. ಸಿನಿಮಾದಲ್ಲಿ ಅದಕ್ಕೆ ಪದ ಇತ್ತು. ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಹದಿವಯಸ್ಸಿನ ತನ್ನ ಮಗನ ಕೈಲಿ ಬರೆಸಿದ್ದ. ಟಿವಿಗೆ ಬಂದಾಗ ಪದ ತೆಗೆದು ಬರೀ ರಾಗ ಇಟ್ಟುಕೊಂಡರು. ಆಮೇಲೆ 1980ರಲ್ಲಿ ಬ್ರಿಟನ್ನಿನಲ್ಲಿ ಪದ ಇರೋ ಹಳೇ ಹಾಡೇ ಮೊದಲನೇ ಸ್ಥಾನಕ್ಕೆ ಬಂತು.

ದೊಡ್ಡಪ್ಪ: ಪಟ್ಟಿ, ಸ್ಥಾನ. ನೀನು ಅದರಲ್ಲೇ ಸುತ್ತುತ್ತಿದ್ದೀಯ. ಮೊದಲನೇ ಸ್ಥಾನ ಅಂದರೆ ಎಷ್ಟು ತಟ್ಟೆ ಖರ್ಚಾಯ್ತು ಅನ್ನೋ ಲೆಕ್ಕ. ‘ಮಾಲ್ಗುಡಿ’ ತಾನನಕ್ಕೆ ಯಾವ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು? ಅದರಿಂದ ಏನು ಕಡಿಮೆ ಆಯ್ತು?

ಹುಡುಗಿ: ಏನೂ ಆಗಲಿಲ್ಲ. ‘ಫ್ರೆಂಡ್ಸ್’ ಹಾಡೂ ಆ ದೊಡ್ಡ ಪಟ್ಟಿಯಲ್ಲಿ ಮೊದಲನೇದು ಆಗಲಿಲ್ಲ, ಗೊತ್ತಾ? 1995ರಲ್ಲಿ ಅಮೆರಿಕದ ರೇಡಿಯೊಗಳಲ್ಲಿ ಎಂಟು ವಾರ ಅತಿ ಹೆಚ್ಚು ಬಂದ ಹಾಡು ಅದು. ಆದರೆ ಸಿಂಗಲ್ ಅಂತ ಬಿಡಿಯಾಗಿ ಅಂಗಡಿಗೆ ಬಂದಿರಲಿಲ್ಲ. ಆಗಿನ ನಿಯಮದಲ್ಲಿ ಬಿಡಿಯಾಗಿ ಮಾರದ ಹಾಡಿಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ಕೊನೆಗೆ ಬಿಟ್ಟಾಗ ಬಿಸಿ ಆರಿತ್ತು, 17ಕ್ಕೆ ನಿಂತಿತು.

ದೊಡ್ಡಪ್ಪ: ಯಾಕೆ ಬಿಡಲಿಲ್ಲ?

ಹುಡುಗಿ: ಹಾಡು ಬೇಕು ಅನ್ನೋರು ಪೂರ್ತಿ ಆಲ್ಬಮ್ಮೇ ಕೊಳ್ಳಬೇಕಾಯ್ತು. ಅದಕ್ಕಿಂತ ನನಗೆ ಕಾಡಿದ್ದು ಬೇರೆ. ಅವರ ‘ಎಲ್.ಪಿ.’ ಅನ್ನೋ ಆಲ್ಬಮ್ ಆಗಲೇ ತಯಾರಾಗಿತ್ತು. ಅವರೇ ಬರೆದು, ಅವರೇ ಹಾಡಿದ ಹಾಡುಗಳು. ಇದನ್ನ ಕೊನೆಯಲ್ಲಿ ಸೇರಿಸಿದರು. ಹೊದಿಕೆಯ ಹಿಂದೆ ಅಚ್ಚಾಗಿದ್ದ ಹಾಡುಗಳ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ ಮಾರಿದರು. ಜನ ಕೊಂಡಿದ್ದು ಆ ಸ್ಟಿಕ್ಕರ್ ನೋಡಿ.

ಇದನ್ನು ಕೇಳಿ ಹಿರಿಯರು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ಅವರು ಯಾಕೆ ಎದ್ದರೆಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಇಲ್ಲಿಯವರೆಗಿನದು ವಾದ. ಇಲ್ಲಿಂದ ಮುಂದಿನದನ್ನು ಹಾಗೆ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ದೊಡ್ಡಪ್ಪ: ನಾನೂ ಒಂದು ಧಾರಾವಾಹಿಗೆ ಹಾಡಿದೀನಿ. ಯಾವುದು ಅಂತ ಕೇಳಬೇಡ. ನಲವತ್ತು ಸೆಕೆಂಡು. ಮೈಸೂರಿಂದ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬಂದೆ. ಒಂದು ಮಧ್ಯಾಹ್ನದ ಕೆಲಸ. ಮುಂದಿನ ವರ್ಷ ಗಣಪತಿ ಉತ್ಸವಕ್ಕೆ ಹಾಸನದ ಕಡೆ ಕರೆದರು. ಆಗ ನಾನು ಅಕ್ಕಮಹಾದೇವಿಯ ಒಂದು ವಚನಕ್ಕೆ ಮೂರು ತಿಂಗಳು ಕೂತು ರಾಗ ಹುಡುಕಿದ್ದೆ. ಅದನ್ನ ಎತ್ತಿಕೊಂಡೆ. ಪಲ್ಲವಿ ಮುಗಿದಿಲ್ಲ, ಹಿಂದಿನಿಂದ ಚೀಟಿ ಬಂತು. ಸೀರಿಯಲ್ ಹಾಡು ಹಾಡಿ ಅಂತ. ಮಡಿಸಿ ಹಾರ್ಮೋನಿಯಂ ಮೇಲಿಟ್ಟೆ. ಇನ್ನೊಂದು ಚೀಟಿ. ಮೂರನೇದು ಬಂದಾಗ ವಚನ ನಿಲ್ಲಿಸಿ ಅದನ್ನ ಹಾಡಿದೆ. ಕುಣಿದುಬಿಟ್ಟರು. ಮುಗಿದ ಮೇಲೆ ಅರ್ಧ ಜನ ಎದ್ದು ಹೋದರು. ಬಂದಿದ್ದು ಅದಕ್ಕೇ ತಾನೆ. ಆ ವಚನಾನ ಮತ್ತೆ ನಾನು ವೇದಿಕೆ ಮೇಲೆ ಹಾಡಲಿಲ್ಲ.

ಹುಡುಗಿ: ನನಗೆ ಹೇಳೇ ಇಲ್ಲ ನೀವು.

ದೊಡ್ಡಪ್ಪ: ಹೇಳೋ ಸಂಗತಿ ಅಲ್ಲ ಅದು. ಆ ಇಬ್ಬರು ಹುಡುಗರಿಗೆ ಆಗಿದ್ದೂ ಇದೇ. ಹೊದಿಕೆ ಮೇಲೆ ಅಚ್ಚಾದ ಹಾಡುಗಳು ಅವರ ವಚನ. ಸ್ಟಿಕ್ಕರಿನ ಮೇಲಿನದು ಚೀಟಿ. ಹಿಟ್ ಹಾಡು ಅಂತ ನೀನು ಸಂಭ್ರಮಪಡ್ತೀಯ, ಪಡು. ಆದರೆ ಆ ಹಾಡು ಹಾಡಿದವರ ಮಿಕ್ಕ ಹಾಡುಗಳನ್ನೆಲ್ಲ ನುಂಗುತ್ತೆ. ಅವರ ಇನ್ನೊಂದು ಹಾಡಿನ ಹೆಸರು ಹೇಳು ನೋಡೋಣ.

ಹುಡುಗಿ: ‘ಜಸ್ಟ್ ದ ವೇ ಇಟ್ ಈಸ್, ಬೇಬಿ’. ‘ಫ್ರೆಂಡ್ಸ್’ಗಿಂತ ಮೂರು ನಾಲ್ಕು ವರ್ಷ ಮುಂಚೆಯೇ ಅದು ಚೆನ್ನಾಗಿ ಓಡಿತ್ತು.

ದೊಡ್ಡಪ್ಪ: ಇನ್ನೊಂದು?

ಹುಡುಗಿ: … ಗೊತ್ತಿಲ್ಲ. ಆದರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಾಸನದವರು ನಿಮ್ಮನ್ನ ಕರೆದಿದ್ದು ಯಾಕೆ? ನಿಮ್ಮ ಹೆಸರು ಅಲ್ಲಿ ಮುಟ್ಟಿದ್ದು ಹೇಗೆ? ಆ ನಲವತ್ತು ಸೆಕೆಂಡಿನಿಂದ ತಾನೆ? ಆ ಹಾಡಿಲ್ಲದಿದ್ದರೆ ವಚನದ ಪಲ್ಲವಿನೂ ಅಲ್ಲಿ ಯಾರೂ ಕೇಳ್ತಿರಲಿಲ್ಲ. ಅರ್ಧ ಜನ ಎದ್ದು ಹೋದರು ಅಂತೀರಿ. ಉಳಿದ ಅರ್ಧ?

ದೊಡ್ಡಪ್ಪ: ಉಳಿದರು.

ಹುಡುಗಿ: ಅವರಿಗೆ ಯಾಕೆ ವಚನ ಮತ್ತೆ ಹಾಡಲಿಲ್ಲ ನೀವು?

(ಉತ್ತರ ಬರಲಿಲ್ಲ. ಹಲವು ವರ್ಷಗಳಿಂದ ನಾನು ಕೇಳಬೇಕೆಂದಿದ್ದ ಪ್ರಶ್ನೆ ಅದು. ಕೇಳುವ ಧೈರ್ಯ ಅವಳಿಗೇ ಬಂತು.)

ದೊಡ್ಡಪ್ಪ: ನಿನಗೆ ಈ ಹಾಡಿನ ಮೇಲೆ ಇಷ್ಟು ಜೀವ ಯಾಕೆ? ಬರೀ ಹಾಸ್ಟೆಲಿನ ನೆನಪಿಗೆ ಇಷ್ಟು ವಾದ ಮಾಡೋಳಲ್ಲ ನೀನು.

ಹುಡುಗಿ: ನನ್ನ ಕೆಲಸವೇ ಅದು. ಹೋದ ವರ್ಷ ಒಂದು ಸರಣಿಗೆ ಶುರುವಿನ ಸಂಗೀತ ಮಾಡಿಕೊಟ್ಟೆ. ಕೊಳಲು, ಅದರ ಕೆಳಗೆ ಒಂದು ದಮ್ಮಡಿ. ಐವತ್ತು ಸೆಕೆಂಡಿತ್ತು. ಮೂವತ್ತು ಮಾಡಿ ಅಂದರು, ಮಾಡಿದೆ. ಹದಿನೈದು ಅಂದರು. ಕೊನೆಗೆ ಎಂಟು ಸೆಕೆಂಡು ಉಳೀತು. ಕೊಳಲು ಉಸಿರು ತಗೊಳೋದರೊಳಗೆ ಹೆಸರು ಬಂದು ಹೋಗುತ್ತೆ. ಯಾಕಂದರೆ ಪರದೆ ಮೇಲೆ ‘ಸ್ಕಿಪ್ ಇಂಟ್ರೊ’ ಗುಂಡಿ ಇದೆ. 2017ರಲ್ಲಿ ನೆಟ್‌ಫ್ಲಿಕ್ಸ್‌ನವರು ತಂದಿದ್ದು, ಈಗ ಎಲ್ಲ ಕಡೆ ಇದೆ. ನಾನು ಕಟ್ಟಿದ ಬಾಗಿಲನ್ನ ಯಾರೂ ದಾಟಲ್ಲ ದೊಡ್ಡಪ್ಪ, ಗೋಡೆ ಹಾರಿ ಒಳಗೆ ಹೋಗ್ತಾರೆ. ಒಂದು ಕಾಲದಲ್ಲಿ ಈ ಕೆಲಸಕ್ಕೆ ಎಷ್ಟು ಬೆಲೆ ಇತ್ತು ಅಂದರೆ, ಜಾನ್ ಸೆಬಾಸ್ಟಿಯನ್ ಅನ್ನೋ ಹಾಡುಗಾರ ‘ಕಾಟರ್’ ಅಂತ ಹೆಸರಿಡಬೇಕಿದ್ದ ಧಾರಾವಾಹಿಗೆ ‘ವೆಲ್ಕಮ್ ಬ್ಯಾಕ್’ ಅನ್ನೋ ಹಾಡು ಮಾಡಿದ. ಹಾಡು ಕೇಳಿ ಧಾರಾವಾಹಿಯ ಹೆಸರನ್ನೇ ‘ವೆಲ್ಕಮ್ ಬ್ಯಾಕ್, ಕಾಟರ್’ ಅಂತ ಬದಲಾಯಿಸಿದರು. 1976ರಲ್ಲಿ ಆ ಹಾಡೂ ಮೊದಲನೇ ಸ್ಥಾನಕ್ಕೆ ಹೋಯ್ತು. ಬಾಗಿಲು ನೋಡಿ ಮನೆಗೆ ಹೆಸರಿಟ್ಟ ಹಾಗೆ.

ದೊಡ್ಡಪ್ಪ: ಹಾಗಾದರೆ ನಿನ್ನ ಕೊಳಲಿನ ಐವತ್ತು ಸೆಕೆಂಡು ಈಗ ಎಲ್ಲಿದೆ?

ಹುಡುಗಿ: ನನ್ನ ಹಾರ್ಡ್ ಡಿಸ್ಕಲ್ಲಿ.

ದೊಡ್ಡಪ್ಪ: ಮಧ್ಯಾಹ್ನ ಕೇಳಿಸು. ಈಗ ಆ ನಾಲ್ಕು ಚಪ್ಪಾಳೆಯ ಜಾಗ ತೋರಿಸು. ರಾತ್ರಿಯಿಂದ ಯೋಚನೆ ಮಾಡ್ತಿದ್ದೆ. ಹಾಡಿನಲ್ಲಿ ಅಂಥ ಒಂದು ಖಾಲಿ ಜಾಗ ಬಿಡೋದು ಸುಲಭ ಅಲ್ಲ. ನಾವಾದರೆ ಅಲ್ಲೊಂದು ಪಿಟೀಲಿನ ತುಂಡು ತುಂಬಿಬಿಡ್ತೀವಿ. ಅಲ್ಲಿ ಚಪ್ಪಾಳೆ ಇಟ್ಟಿದ್ದರಿಂದ ನಿನ್ನೆ ಕೇಳ್ತಿದ್ದವರು ಅಷ್ಟು ಹೊತ್ತು ಹಾಡುಗಾರರಾದರು. ಆ ಮಗು ಎತ್ತಿಕೊಂಡಿದ್ದ ಹೆಣ್ಣುಮಗಳನ್ನ ನೀನು ನೋಡಲಿಲ್ಲ.

ಹಾರ್ಮೋನಿಯಂ ತೆಗೆದರು. ಬೆಲ್ಲೋಸಿನ ಹತ್ತಿರ ಬಟ್ಟೆಯ ತೇಪೆ ಹಾಕಿದ ಹಳೆಯ ಪೆಟ್ಟಿಗೆ ಅದು. ಅವಳು ಗುನುಗಿದಳು. ಅವರು ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಸ್ವರ ಹಿಡಿದರು. ಮೊದಲ ಸಾಲು ಮುಗಿದಾಗ ಬೆರಳನ್ನು ಮನೆಗಳಿಂದ ಎತ್ತಿ ಸುಮ್ಮನೆ ಕಾದರು. ಅವಳು ತಟ್ಟಿದಳು. ಅಡುಗೆಮನೆಯಿಂದಲೂ ಯಾರೋ ತಟ್ಟಿದ್ದು ಕೇಳಿಸಿತು. ಮುಕ್ಕಾಲು ನಿಮಿಷ ಆಯಿತು, ಪಲ್ಲವಿ ಮುಗಿಯಿತು.

ದೊಡ್ಡಪ್ಪ: ಹೂಂ, ಎರಡನೇ ಚರಣ?

ಹುಡುಗಿ: ಎರಡನೇದು …

ದೊಡ್ಡಪ್ಪ: ಜನ ಕೇಳಿ ಕೇಳಿ ಬರೆಸಿದರು ಅಂದೆಯಲ್ಲ, ಅದು.

ಹುಡುಗಿ: ಬಾಯಿಗೆ ಬರ್ತಿಲ್ಲ. ಎಷ್ಟು ಸಲ ಕೇಳಿದೀನಿ! ನಿನ್ನೆ ಅವರು ಹಾಡುವಾಗಲೂ ನಾವೆಲ್ಲ ಅಲ್ಲಿಗೆ ಬರೋ ಹೊತ್ತಿಗೆ ಮಾತಿಗೆ ಶುರು ಮಾಡಿದ್ವಿ, ಅಲ್ಲವಾ?

ದೊಡ್ಡಪ್ಪ: ಮಾಡಿದಿರಿ. ನಾನು ನೋಡಿದೆ.

ಹುಡುಗಿ: ಹಾಗಾದರೆ ನೀವು ಹೇಳಿದ್ದೇ ಸರಿ ಅಂತೀರಾ? ಮುಕ್ಕಾಲು ನಿಮಿಷವೇ ಹಾಡು, ಮಿಕ್ಕಿದ್ದು ಎಳೆದದ್ದು ಅಂತ?

ದೊಡ್ಡಪ್ಪ: ಕೇಳದೆ ಹೇಗೆ ಹೇಳಲಿ? ಆ ಹುಡುಗರಿಬ್ಬರೂ ಹಾಡಿಗೆ ತಮ್ಮದು ಅಂತ ಸೇರಿಸಿದ್ದು ಅದೇ ತಾನೆ. ಮೊದಲನೇದನ್ನ ಅವರ ಕೈಗೆ ಕೊಟ್ಟು ಹಾಡಿಸಿದ್ದು. ಎರಡನೇದು ಅವರೇ ಬರೆದದ್ದು. ಎದ್ದು ಹೋಗದೆ ಕೂತ ಅರ್ಧ ಜನ ಅಂದೆಯಲ್ಲ ಈಗ, ಅವರ ಹಾಗೆ ಒಂದು ಸಲ ಕೂತು ಕೇಳೋಣ. ಫೋನಲ್ಲಿ ಸಿಗುತ್ತಾ?

ಹುಡುಗಿ: ಸಿಗುತ್ತೆ. ಆದರೆ ಒಂದು ಷರತ್ತು. ಇದಾದ ಮೇಲೆ ಆ ವಚನ.

ದೊಡ್ಡಪ್ಪ: ಅದರ ಚರಣ ಮರೆತಿದೀನಿ ಕಣೇ.

ಹುಡುಗಿ: ಬರೆದಿಟ್ಟಿರ್ತೀರಿ. ನಿಮ್ಮ ಹಸಿರು ನೋಟ್‌ಬುಕ್ಕು ಬೀರುವಿನ ಮೇಲಿನ ಅರೆಯಲ್ಲಿದೆ, ನಾನೇ ಧೂಳು ಒರೆಸಿಟ್ಟಿದೀನಿ.

ದೊಡ್ಡಪ್ಪ: ಮೊದಲು ಇದು ಆಗಲಿ. ಜೋರಾಗಿ ಇಡು, ಅಡುಗೆಮನೆಗೂ ಕೇಳಲಿ. ನಿಧಾನ, ನಿಧಾನ, ಸ್ವರ ಹಿಡೀಬೇಕು ನಾನು. ಮತ್ತೊಂದು ಸಲ ಹಿಂದಕ್ಕೆ ಹಾಕು.